ನಾಲ್ಕನೆಯ ಅಧ್ಯಾಯಕ್ಕೆ ಮಾವನ ರುಜು

ಎಂ.ಬಿ.ಎ. ಪ್ರಾಜೆಕ್ಟ್ ವರದಿಗೆ ಕರಿಮೆಣಸಿನ ವಾಸನೆ ಇರಬಾರದೆಂದು ಯಾವ ವಿಶ್ವವಿದ್ಯಾಲಯವೂ ನಿಯಮ ಮಾಡಿದಂತಿಲ್ಲ. ಮೊನ್ನೆ ಬೀರು ಒರೆಸುವಾಗ ನನ್ನ ವರದಿಯ ಪ್ರತಿ ಕೈಗೆ ಸಿಕ್ಕಿತು. ತೆರೆದ ಕೂಡಲೇ ಘಾಟು ಹತ್ತಿ ಎರಡು ಸೀನು ಬಂದವು. ಅದರ ಹಿಂದೆಯೇ ಆ ಶನಿವಾರದ ಮಧ್ಯಾಹ್ನವೂ ಬಂತು.

ಅಂಗಡಿಯಲ್ಲಿ ಅವತ್ತು ನಾಲ್ಕು ಜನ ಇದ್ದೆವು. ಆಗಷ್ಟೇ ನಿದ್ದೆಯಿಂದೆದ್ದು ಕುರ್ಚಿಗೆ ಬಂದು ಕೂತಿದ್ದ ಮಾಲೀಕರು, ಅಂದರೆ ನನ್ನ ಸೋದರಮಾವ. ಒಳಬಾಗಿಲ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಅತ್ತೆ. ತನ್ನ ಮೆಣಸಿನ ಮೂಟೆಯ ಮೇಲೆಯೇ ಕೂತು ಬೆಲೆಗೆ ಕಾಯುತ್ತಿದ್ದ, ತೋಲ್ಪೆಟ್ಟಿ ಕಡೆಯ ದೇವಕ್ಕ. ಮತ್ತೆ ನಾನು, ನಲವತ್ತೆರಡು ವರ್ಷದ ವಿದ್ಯಾರ್ಥಿ, ಕಂಕುಳಲ್ಲಿ ವರದಿ.

ಗಡಿಯಾಚೆ ಮಲಯಾಳ ಸೀಮೆಯ ಮಾನಂದವಾಡಿಯಲ್ಲಿ ಮೆಣಸು, ಕಾಫಿ, ಶುಂಠಿ ಕೊಳ್ಳುವ ಅಂಗಡಿ ನಮ್ಮದು. ಅಜ್ಜ ಎಚ್.ಡಿ. ಕೋಟೆ ಕಡೆಯಿಂದ ಬಂದು ಹಾಕಿದ್ದು. ಅಪ್ಪ ತೀರಿಕೊಂಡ ಮೇಲೆ ನಾನು ಮಾವನ ಮನೆಯ ಅನ್ನ ತಿಂದು ಬೆಳೆದೆ, ಇಪ್ಪತ್ತಕ್ಕೆ ಅಂಗಡಿ ಸೇರಿದೆ. ಆ ವಯಸ್ಸಿನಲ್ಲಿ ಎಂ.ಬಿ.ಎ. ಯಾಕೆ ಎಂದು ಬಹಳ ಜನ ಕೇಳಿದ್ದಾರೆ. ನಿಮಗೆ ನಿಜ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷ ಮೂಟೆ ಹೊಲಿಸಿದವನಿಗೆ, ತನಗೆ ಗೊತ್ತಿರುವುದು ವಿದ್ಯೆಯೋ ಬರೀ ಅಭ್ಯಾಸವೋ ಎಂದು ತಿಳಿಯುವ ಆಸೆಯಾಯಿತು. ಕೆಲಸದಲ್ಲಿರುವವರಿಗಾಗಿ ಭಾನುವಾರದ ತರಗತಿ ಇತ್ತು. ಒಬ್ಬ ನರ್ಸು, ಬಸ್ ಡಿಪೋದ ಗುಮಾಸ್ತ, ಸಹಕಾರ ಸಂಘದ ಇಬ್ಬರು, ಎಲ್ಲರಿಗೂ ಕನ್ನಡಕ. ಬೆಂಚಿನೊಳಗೆ ಮಂಡಿ ತೂರಿಸುವುದೇ ನಮ್ಮ ಮೊದಲ ಪಾಠ. ಮೇಷ್ಟ್ರು ನಮಗಿಂತ ಹದಿನೈದು ವರ್ಷ ಚಿಕ್ಕವರು. ನಾವು ಅವರನ್ನು ಸರ್ ಎಂದರೆ, ಅವರು ನಮ್ಮನ್ನು ಮಲಯಾಳದಲ್ಲಿ ಚೇಟ್ಟ, ಚೇಚಿ, ಅಂದರೆ ಅಣ್ಣ, ಅಕ್ಕ ಎಂದು ಕರೆದು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಬರದಿದ್ದರೆ ಅವರಿಗೇ ಸಂಕೋಚ.

ಕೊನೆಗೆ ಪ್ರಾಜೆಕ್ಟ್. ಅವರವರು ದುಡಿಯುವ ಜಾಗವನ್ನೇ ಅಧ್ಯಯನ ಮಾಡಬೇಕು, ಮಾಲೀಕರ ರುಜು, ಮೊಹರು ಹಾಕಿಸಿ ಸೋಮವಾರದೊಳಗೆ ಒಪ್ಪಿಸಬೇಕು. ತಪ್ಪಿದರೆ ಇನ್ನೊಂದು ವರ್ಷ. ನಾಲ್ಕನೆಯ ಅಧ್ಯಾಯ ‘ಸಂಸ್ಥೆಯ ದೌರ್ಬಲ್ಯಗಳು’. ಇಂಗ್ಲಿಷಿನಲ್ಲಿ ಬರೆಯುವಾಗ ಮನುಷ್ಯನಿಗೆ ಅದೆಲ್ಲಿಂದ ಧೈರ್ಯ ಬರುತ್ತದೋ. ಕಂಡದ್ದನ್ನೆಲ್ಲ ಬರೆದುಬಿಟ್ಟಿದ್ದೆ.

ಮಾವನಿಗೆ ಇಂಗ್ಲಿಷ್ ಓದಲು ಬಾರದು. ನಾನು ಮುಂದಿಟ್ಟ ಕಾಗದಕ್ಕೆ ನೋಡದೆ ರುಜು ಹಾಕುವುದು ಅವರ ಪದ್ಧತಿ. ಅವತ್ತು ಮಾತ್ರ ಪೆನ್ನು ಕೆಳಗಿಟ್ಟರು.

“ಎರಡು ವರ್ಷ ಭಾನುವಾರ ಭಾನುವಾರ ಹೋಗಿದ್ದೀಯ. ಏನ್ ಬರ್ದಿದ್ದೀಯ, ಓದ್ಲಾ.”

ಅಂಗಡಿಯ ಇತಿಹಾಸ ಓದಿ ಕನ್ನಡದಲ್ಲಿ ಹೇಳಿದೆ. ಅಜ್ಜನ ಹೆಸರು ಬಂದಾಗ ಮಾವ ತಲೆದೂಗಿದರು. ನಾಲ್ಕನೆಯ ಅಧ್ಯಾಯ ಬಂತು. “ಮಾಲೀಕರು ಎಲ್ಲ ಜವಾಬ್ದಾರಿಯನ್ನೂ ತಾವೇ ಹೊತ್ತು ಬಹಳ ಶ್ರಮಪಡುತ್ತಾರೆ” ಎಂದು ಹೇಳಿ ಪುಟ ಮಗುಚಿದೆ.

ಮಾವ ಕೈ ಅಡ್ಡ ಇಟ್ಟರು. ದೇವಕ್ಕನ ಮೂಟೆಗೆ ಚುಚ್ಚಲು ತಂದಿದ್ದ ಕಬ್ಬಿಣದ ಕೊಳವೆ ಅವರ ತೊಡೆಯ ಮೇಲಿತ್ತು. ಮೂಟೆಯ ಅಡಿಯ ಕಾಳು ಹೇಗಿದೆ ಎಂದು ನೋಡುವುದು ಅದರಿಂದಲೇ.

“ಪುಟದ ತುಂಬ ಅಕ್ಷರ ಅದೆ, ನಿನ್ನ ಬಾಯಲ್ಲಿ ಬಂದದ್ದು ಒಂದೇ ಮಾತು. ಮೂಟೆ ಬಾಯಿಗೆ ಮಾತ್ರ ಒಳ್ಳೆ ಮೆಣಸು ಹಾಕ್ಕೊಂಡು ಬರೋರನ್ನ ನಲವತ್ತು ವರ್ಷದಿಂದ ನೋಡ್ತಾ ಇದ್ದೀನಿ. ಅಡೀದು ತೆಗಿ.”

ತೆಗೆದೆ. ಬೆಲೆ ಹೇಳುವ ಅಧಿಕಾರ ಮಾಲೀಕರೊಬ್ಬರಿಗೇ ಇದೆ. ಅವರು ಮಧ್ಯಾಹ್ನ ಮಲಗಿದರೆ ಮಾರಲು ಬಂದವರು ಒಂದೂವರೆ ಗಂಟೆ ಕಾಯುತ್ತಾರೆ. ಅವರ ನಂತರ ಈ ವ್ಯಾಪಾರ ನಡೆಯುವುದು ಸಂಶಯ. ಕೊನೆಯ ಸಾಲು ಹೇಳಿ ವರದಿಯನ್ನು ಮಾವನ ಮುಂದಿಟ್ಟೆ. ಮಾವನಿಗೆ ಮಕ್ಕಳಿಲ್ಲ. ಸಾಕಿದ ಅಳಿಯ ಕುರ್ಚಿಗೆ ಕಣ್ಣು ಹಾಕಿದ್ದಾನೆ ಎಂದಲ್ಲದೆ ಆ ಸಾಲಿಗೆ ಬೇರೆ ಅರ್ಥ ಯಾರು ತಾನೆ ಮಾಡುತ್ತಾರೆ, ನೀವೇ ಹೇಳಿ. ಪದವಿ ಹೋದರೆ ಹೋಗಲಿ, ನಾಳೆಯಿಂದ ಈ ಮನೆಯಲ್ಲಿ ಹೇಗೆ ಊಟಕ್ಕೆ ಕೂರಲಿ ಎಂಬುದೇ ನನಗೆ ಚಿಂತೆಯಾಯಿತು.

ಮೊದಲು ಬಾಯಿಬಿಟ್ಟವಳು ದೇವಕ್ಕ. “ಒಂದೂವರೆ ಗಂಟೆ ಅಂತ ಬರ್ದವ್ನೆ. ಪಾಪ, ಮಾವ ಅಂತ ಕಮ್ಮಿ ಮಾಡವ್ನೆ. ನಾನು ಬಂದಾಗ ಮಸೀದೀಲಿ ಮಧ್ಯಾಹ್ನದ ಬಾಂಗ್ ಕೂಗ್ತಾ ಇದ್ರು, ಈಗ ಮೂರು ಗಂಟೆ.”

“ನೀನು ಸುಮ್ನಿರು ದೇವಕ್ಕ,” ಎಂದರು ಮಾವ.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. “ಮೂವತ್ತು ವರ್ಷದಿಂದ ನಾನು ಇದನ್ನೇ ಬಿಟ್ಟಿ ಹೇಳ್ತಾ ಇದ್ದೀನಿ. ಅವನು ಫೀಸ್ ಕಟ್ಟಿ ಹೇಳ್ದ. ಅಷ್ಟೇ ವ್ಯತ್ಯಾಸ.”

ಮಾವ ತೊಡೆಯ ಮೇಲಿದ್ದ ಕೊಳವೆಯನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು, “ನನ್ನ ನಂತರ ಅಂತ ಬರ್ಯೋವಾಗ ನಿಂಗೆ ಸಂಕಟ ಆಯ್ತಾ?”

“ಆಯ್ತು ಮಾವ. ಎರಡು ಸಲ ಹೊಡೆದು ಹಾಕ್ದೆ. ಮತ್ತೆ ಬರ್ದೆ.”

“ಶೆರಿ. ಹಂಗಾದ್ರೆ ಇರ್ಲಿ.”

ರುಜು ಹಾಕಿದರು. ಮೊಹರು ಮಸುಕಾಗಿ ಬಿತ್ತೆಂದು ಪಕ್ಕದಲ್ಲಿ ಇನ್ನೊಮ್ಮೆ ಒತ್ತಿದರು. ದೇವಕ್ಕ ತನ್ನ ಬುತ್ತಿಯ ಜೊತೆಗಿದ್ದ ಮಜ್ಜಿಗೆಯನ್ನು ಕೇಳದೆಯೇ ನನ್ನ ಕಡೆ ಚಾಚಿದಳು. ಒಂದೇ ಉಸಿರಿಗೆ ಕುಡಿದೆ. ಆ ರಾತ್ರಿ ಅತ್ತೆ ಬಡಿಸಿದ ಬಸ್ಸಾರು, ಆ ಅಧ್ಯಾಯ ಬರೆದ ಎರಡು ವಾರದ ಮೇಲೆ, ಮೊದಲ ಸಲ ರುಚಿಸಿತು. ಮಾವ ತಮ್ಮ ಎಲೆಯ ಪಕ್ಕದಲ್ಲೇ ನನಗೂ ಎಲೆ ಹಾಕಿಸಿದ್ದರು.

ವರದಿ ಸೋಮವಾರ ಸೇರಬೇಕಾದಲ್ಲಿ ಸೇರಿತು. ಮುಂದೆ ಪದವಿಯೂ ಬಂತು, ತೀರ ಸಾಧಾರಣ ದರ್ಜೆಯಲ್ಲಿ.

ವರದಿ ಕೊಟ್ಟ ಎರಡು ವಾರಕ್ಕೆ, ಮಾವ ಊಟ ಮಾಡಿ ಒಳಗೆ ಮಲಗಿದ್ದಾಗ, ರೈತರೊಬ್ಬರು ಮೆಣಸು ತಂದರು. ನಾನು ನಾಲ್ಕು ಕಾಳು ಕಚ್ಚಿ ನೋಡಿ ಬೆಲೆ ಹೇಳಿದೆ.

“ಅವರನ್ನ ಎಬ್ಬಿಸೋದಿಲ್ವಾ?” ಎಂದು ಮೆಣಸು ತಂದವರು ಕೇಳಿದರು.

ಒಳಗೆ ಮಂಚ ಕಿರುಗುಟ್ಟಿತು. ಮಾವ ಎದ್ದು ಕೂತರು. ನಾವಿಬ್ಬರೂ ಬಾಗಿಲ ಕಡೆ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಮಂಚ ಮತ್ತೊಮ್ಮೆ ಕಿರುಗುಟ್ಟಿತು. ಮಾವ ಮತ್ತೆ ಮಲಗಿಕೊಂಡರು. ನಾನು ಮೂಟೆಯನ್ನು ತೂಕಕ್ಕೆ ಏರಿಸಿದೆ.