ರೂತವ್ವನ ಬುಧವಾರ

ಈರವ್ವ ರೂತವ್ವನನ್ನು ಮೊದಲ ಸಲ ಕಂಡದ್ದು ಅಮೆರಿಕದ ಸ್ಯಾನ್ ಮಟಿಯೋದಲ್ಲಿ, ಮಗನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. 1984ರ ಸೆಪ್ಟೆಂಬರು. ಮಗ ಶರಣಪ್ಪ ಸೇತುವೆ ದಾಟಿ ಓಕ್ಲ್ಯಾಂಡಿನ ಸರಕಾರಿ ಆಫೀಸಿಗೆ ಹೋಗಿದ್ದ. ಸೊಸೆ ಬ್ಯಾಂಕಿಗೆ, ಮೊಮ್ಮಗಳು ಸ್ಕೂಲಿಗೆ. ಒಬ್ಬಳೇ ಕೂತು ಕೂತು ಬೇಸತ್ತ ಈರವ್ವ, ಸೊಸೆ ಮಾಡುವುದನ್ನು ನೋಡಿಟ್ಟುಕೊಂಡ ಧೈರ್ಯದ ಮೇಲೆ, ತನ್ನ ಇಳಕಲ್ ಸೀರೆಗಳನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ತುಂಬಿಕೊಂಡು ತಾನೇ ಕೆಳಗಿಳಿದಿದ್ದಳು. ಕೋಣೆಯ ತುಂಬ ಸಾಬೂನು ಪುಡಿಯ ವಾಸನೆ. ಗೋಡೆಗೆ ಸಾಲಾಗಿ ನಿಂತ ಮಷೀನುಗಳು ಗುಡುಗುಡು ಎನ್ನುತ್ತಿದ್ದವು. ಖಾಲಿ ಇದ್ದ ಒಂದರ ಮುಚ್ಚಳ ತೆಗೆದು, ಸೀರೆ ಇಳಿಬಿಟ್ಟು, ಮೇಲಿನ ಗುಂಡಿಯನ್ನು ಅಂದಾಜಿನ ಮೇಲೆ ಬಲಕ್ಕೆ ತಿರುವಿದಳು.

“ಅಯ್ಯ, ಅದು ಕುದಿ ನೀರಿಂದರೀ ಅವ್ವಾರ! ಇಳಕಲ್ ಸೀರಿ ಬಣ್ಣ ಬಿಟ್ಟು ಸತ್ಯಾನಾಶ ಆಕ್ಕೈತಿ. ಎಡಕ್ಕ ತಿರುವ್ರಿ, ಎಡಕ್ಕ.”

ಈರವ್ವನ ಕೈ ಅಲ್ಲೇ ನಿಂತಿತು. ಈ ದೇಶಕ್ಕೆ ಬಂದ ಮೇಲೆ ಮನೆಯ ಹೊಸ್ತಿಲಾಚೆ ಅವಳ ಕಿವಿಗೆ ಬಿದ್ದ ಮೊದಲ ತನ್ನ ಸೀಮೆಯ ಮಾತು ಅದು. ತಿರುಗಿ ನೋಡಿದರೆ, ಐವತ್ತರ ಆಸುಪಾಸಿನ ದಪ್ಪ ಹೆಂಗಸು. ಮೈಮೇಲೆ ನರ್ಸಿನ ಬಿಳಿ ಉಡುಪು, ಕಾಲಲ್ಲಿ ಬಿಳಿ ಬೂಟು. ತುರುಬು ಮಾತ್ರ ಎಣ್ಣೆ ಹಚ್ಚಿ ಬಿಗಿದು ಕಟ್ಟಿದ್ದು, ಅಪ್ಪಟ ಗದಗ ಕಡೆಯದು.

“ಯಾ ಊರಾಕಿವಾ ನೀ?”

“ಬೆಟಗೇರ್ಯಾಕಿರೀ.”

“ಯಾರ ಪೈಕಿ?”

“ಮಿಷನ್ ಕಂಪೌಂಡಿನಾಕಿ. ಹೆಸರು ರೂತವ್ವ.”

ಈರವ್ವ ತನಗೇ ಗೊತ್ತಿಲ್ಲದಂತೆ ಬುಟ್ಟಿಯನ್ನು ತುಸು ಹಿಂದಕ್ಕೆಳೆದುಕೊಂಡಳು. ಅವಳು ಲಿಂಗವಂತರ ಮನೆಯ ಹಿರಿಯಳು. ಎದೆಯ ಮೇಲಿನ ಲಿಂಗವನ್ನು ಒಂದು ದಿನವೂ ಅಗಲಿದವಳಲ್ಲ. ರೂತವ್ವನ ಕಣ್ಣಿಗೆ ಬುಟ್ಟಿ ಸರಿದದ್ದು ಕಾಣದೇ ಇರಲಿಲ್ಲ. ಅವಳು ಗೊಳ್ಳೆಂದು ನಕ್ಕಳು.

“ಅಂಜಬ್ಯಾಡ್ರಿ, ನಾ ಮುಟ್ಟಂಗಿಲ್ಲ. ಆದ್ರ ನಿಮಗಿಂತ ಮದ್ಲ ಈ ಮಷೀನಿನ್ಯಾಗ ಯಾರ್‍ಯಾರ ಚಡ್ಡಿ ತಿರುಗ್ಯಾವೋ, ಅದನ್ನಷ್ಟು ಕೇಳಬ್ಯಾಡ್ರಿ.”

ಈರವ್ವನಿಗೂ ನಗು ತಡೆಯಲಾಗಲಿಲ್ಲ. ಸೀರೆ ತಣ್ಣೀರಿನಲ್ಲಿ ತಿರುಗಿ ಮುಗಿಯುವಷ್ಟರಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತು, ಗದಗಿನ ಸಂತೆಯಿಂದ ಹಿಡಿದು ಈ ದೇಶದ ಸಪ್ಪೆ ಬದನೆಕಾಯಿಯವರೆಗೆ ಮಾತಾಡಿದ್ದರು. ರೂತವ್ವ ಬೆಟಗೇರಿಯ ದವಾಖಾನೆಯಲ್ಲಿ ನರ್ಸಿಂಗ್ ಕಲಿತವಳು. ಗಂಡ ಬೇಗ ತೀರಿಕೊಂಡ. ನರ್ಸುಗಳು ಬೇಕೆಂದು ಅಮೆರಿಕ ಕರೆದ ಕಾಲದಲ್ಲಿ ಒಬ್ಬಳೇ ಹೊರಟು ಬಂದಳು. ಈಗ ಆಸ್ಪತ್ರೆಯೊಂದರಲ್ಲಿ ಕೆಲಸ, ಇದೇ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ವಾಸ, ಭಾನುವಾರ ಹತ್ತಿರದ ಸಣ್ಣ ಚರ್ಚು.

ಚರ್ಚು ಎಂದ ಕೂಡಲೇ ಈರವ್ವನಿಗೆ ಹಿಂದಿನ ವಾರದ ಸಿಟ್ಟು ನೆನಪಾಯಿತು. ಇಬ್ಬರು ತರುಣರು, ಟೈ ಕಟ್ಟಿದವರು, ಬಾಗಿಲು ತಟ್ಟಿ ಕೈಗೊಂದು ಹಿಂದಿ ಹಾಳೆ ಕೊಟ್ಟು, ಏನೋ ಕೇಳಿದ್ದರು. ಸೊಸೆ ಹಿಂಜರಿಯುತ್ತಲೇ ಅದನ್ನು ಕನ್ನಡದಲ್ಲಿ ಹೇಳಿದ್ದಳು: ಇವತ್ತು ರಾತ್ರಿ ನೀವು ಸತ್ತರೆ ಎಲ್ಲಿಗೆ ಹೋಗುತ್ತೀರಿ ಗೊತ್ತೇ ಎಂದು ಕೇಳುತ್ತಿದ್ದಾರೆ.

“ಬಾಗಲಾ ತಗದ ಕೂಡ್ಲೇ ಸಾಯೋ ಮಾತು! ಕುಂಡ್ರು ಅನ್ನಲಿಲ್ಲ, ನೀರು ಬೇಕಾ ಅನ್ನಲಿಲ್ಲ ಅಂತ ನಾ ಪೇಚಾಡಾಕತ್ತಿದ್ದೆ, ಇವು ನನ್ನ ಹೆಣಾ ಎತ್ತಾಕ ನಿಂತಿದ್ವು. ನಿಮ್ಮ ಚರ್ಚಿನ ಹುಡುಗರಿಗೆ ಅವ್ವ ಅಪ್ಪ ಇಲ್ಲೇನವಾ?”

ರೂತವ್ವ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆದರೆ ಆ ತರುಣರು ತನ್ನ ಚರ್ಚಿನವರೇ ಎಂದು ಗೊತ್ತಿದ್ದರಿಂದ ನಗೆಯಾಡಿ ಬಿಡಲಿಲ್ಲ. ಭಾನುವಾರ ಪಾಸ್ಟರ್ ಹಾಲ್ವರ್ಸನ್ನರಿಗೆ ಇದನ್ನು ಇದ್ದಂತೆಯೇ ಒಪ್ಪಿಸಿದಳು. ಅವರು ಒಳ್ಳೆಯ ಮನುಷ್ಯ, ಮುಖ ಕೆಂಪಾಯಿತು. ಹಾಗಾದರೆ ಬಾಗಿಲಲ್ಲಿ ಏನು ಕೇಳಬೇಕು ಎಂದರು. “ನಮ್ಮ ಕಡೆ ಊಟಾ ಆತೇನ್ರಿ ಅಂತ ಕೇಳ್ತೇವಿ” ಎಂದಳು ರೂತವ್ವ.

ಹಾಗೆ ಶುರುವಾಯಿತು ಬುಧವಾರ. ಅದು ರೂತವ್ವನ ರಜೆಯ ದಿನ. ಬೆಳಗ್ಗೆ ಅವಳು ತನ್ನ ಹಳೆಯ ಕಾರಿನಲ್ಲಿ ನಮ್ಮ ದೇಶದವರ ಮನೆ ಮನೆಯ ಹಿರಿಯರನ್ನು ಹತ್ತಿಸಿಕೊಂಡು ಚರ್ಚಿನ ಹಾಲ್‌ಗೆ ತರುತ್ತಿದ್ದಳು. ಫ್ರೀವೇಯಲ್ಲಿ ಅವಳ ಕಾರು ಎತ್ತಿನ ಬಂಡಿಯಂತೆ ಸಾಗುತ್ತಿತ್ತು. ಹಿಂದಿನವರು ಹಾರ್ನು ಒತ್ತಿದರೆ ಕೈಬೀಸಿ ನಮಸ್ಕಾರ ಹೇಳುತ್ತಿದ್ದಳು. ಹಾಲ್‌ನಲ್ಲಿ ಪಾಸ್ಟರರ ಹೆಂಡತಿ ಬಸ್ಸು ಹತ್ತುವುದು, ಡಾಕ್ಟರಿಗೆ ಫೋನ್ ಮಾಡುವುದು, ದಾರಿ ತಪ್ಪಿದರೆ ವಿಳಾಸ ಹೇಳುವುದು ಕಲಿಸುತ್ತಿದ್ದರು. ಉಳಿದ ಹೊತ್ತೆಲ್ಲ ಚಹಾ ಮತ್ತು ಹರಟೆ. ಸರಟೋಗಾದಿಂದ ಮೈಸೂರಿನ ಜಲಜಮ್ಮನನ್ನು ಅವರ ಮಗಳು ತಂದು ಬಿಡುತ್ತಿದ್ದಳು. ಬರಬರುತ್ತ ಹಾಲ್ ತುಂಬಿತು. ಇಂಗ್ಲಿಷಿನಲ್ಲೇ ಉತ್ತರಿಸುವ ಮೊಮ್ಮಕ್ಕಳ ನಡುವೆ ಮೂಕರಂತಿದ್ದ ಮುದುಕಿಯರಿಗೆ ವಾರದಲ್ಲಿ ಒಂದು ದಿನ ಬಾಯಿ ಬಂತು.

ರೂತವ್ವನ ಕಟ್ಟಳೆ ಒಂದೇ. ಬುಧವಾರ ಹಾಲ್‌ನಲ್ಲಿ ಯಾರೂ ಬೋಧನೆ ಮಾಡಕೂಡದು, ಹಾಳೆ ಹಂಚಕೂಡದು. ಕೇಳಿದವರಿಗೆ ಮಾತ್ರ ಹೇಳಬೇಕು. ಒಮ್ಮೆ ಈರವ್ವನೇ ಕೆಣಕಿದಳು: “ನಮ್ಮನ್ನ ಕುಲ ಕೆಡಸಾಕ ಕರ್ಕೊಂಡು ಬಂದಿ ಅಂತ ಮಂದಿ ಅಂತಾರ. ನೀ ನೋಡಿದ್ರ ಬಾಯೇ ಬಿಡವಲ್ಲಿ. ನಿಮ್ಮ ದೇವರಿಗೆ ನಾವು ಬ್ಯಾಡಾದೆವೇನು?”

ರೂತವ್ವ ಆ ದಿನ ನಗಲಿಲ್ಲ. “ಬರಗಾಲದಾಗ ನಮ್ಮಜ್ಜಿಗೆ ಮಿಷನ್ನಿನವರು ಗಂಜಿ ಹಾಕಿದ್ರು. ಆಕಿ ಆಮ್ಯಾಲೆ ಮನಸಾರೆ ನಂಬಿದಾಕಿ, ಯಾರೂ ಜುಲ್ಮಿ ಮಾಡಿರಲಿಲ್ಲ. ಆದ್ರ ಸಾಯೋತನಾ ಮಂದಿ ಆಕಿನ್ನ ‘ಗಂಜಿಗೆ ಜಾತಿ ಕೊಟ್ಟಾಕಿ’ ಅಂತ ಅಂದ್ರು. ಅನ್ನದ ಸೌಟಿನ್ಯಾಗ ದೇವರನ್ನ ಬಡಿಸಿದ್ರ, ಉಂಡಾಕಿ ನಂಬಿಗಿಗೆ ಜೀವಮಾನ ಮಸಿ ಹತ್ತತೈತ್ರಿ ಅವ್ವಾರ. ನಿಮಗ ನಾ ಹಂಗ ಮಾಡಂಗಿಲ್ಲ.”

ಆದರೆ ಚರ್ಚಿನ ಹಿರಿಯರ ಸಭೆಗೆ ಇದು ಹಿಡಿಸಲಿಲ್ಲ. ವರ್ಷ ಕಳೆಯಿತು, ಬುಧವಾರ ಬರುವವರಲ್ಲಿ ಒಬ್ಬರೂ ಭಾನುವಾರದ ಆರಾಧನೆಗೆ ಬಂದಿರಲಿಲ್ಲ. ಹಾಲ್ ಬೆಚ್ಚಗಿಡುವುದು, ಚಹಾ ಕಾಯಿಸುವುದು, ಇಷ್ಟೇ ಸುವಾರ್ತೆಯೇ ಎಂದು ಕೇಳಿದರು. ಕ್ರಿಸ್‌ಮಸ್ ಕಳೆದ ಮೇಲೆ ಬುಧವಾರವನ್ನು ಉಳಿಸುವುದೋ ನಿಲ್ಲಿಸುವುದೋ ತೀರ್ಮಾನ ಎಂದಾಯಿತು. ನಿಂತರೆ ರೂತವ್ವ ಹೇಗೋ ಇದ್ದಾಳು. ತನಗೆ ಮತ್ತೆ ನಾಲ್ಕು ಗೋಡೆಯೇ ಗತಿ ಎಂದು ಈರವ್ವ ಒಳಗೊಳಗೇ ಕಳವಳಪಟ್ಟಳು.

ಇದರ ನಡುವೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಬಂತು. ಚರ್ಚಿನ ಹೆಂಗಸರು ಬುಧವಾರದವರಿಗಾಗಿ ಬೇರೆಯೇ ಮೇಜು ಹಾಕಿದ್ದರು. ಹೊಸ ಪಾತ್ರೆ ಕೊಂಡು, ಮಾಂಸ ಮುಟ್ಟದ ಸೌಟು ಬಳಸಿ, ಮೊಟ್ಟೆಯನ್ನೂ ಬಿಟ್ಟು ಅಡಿಗೆ ಮಾಡಿದ್ದರು. ಮೇಜಿನ ನಟ್ಟನಡುವೆ, ಅನಾನಸ್ ತುಂಡುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಡುಗುವ ಹಸಿರು ಜೆಲ್ಲಿ. ಹಣ್ಣು, ಸಕ್ಕರೆ, ಬಣ್ಣ, ಅಷ್ಟೇ ಎಂದು ಎಲ್ಲರೂ ಅಂದುಕೊಂಡಿದ್ದರು. ರೂತವ್ವ ತಾನೇ ನಿಂತು ಬಡಿಸಿದಳು. ಈರವ್ವ ಎರಡು ಸಲ ಹಾಕಿಸಿಕೊಂಡಳು. ಜಲಜಮ್ಮ ಅದನ್ನು ಮಾಡುವ ಬಗೆ ಕೇಳಿ ತಿಳಿದುಕೊಂಡರು.

ವಾರದ ಮೇಲೆ ಆಸ್ಪತ್ರೆಯಲ್ಲಿ ಒಬ್ಬ ಯಹೂದಿ ರೋಗಿ ಜೆಲ್ಲಿಯ ಬಟ್ಟಲನ್ನು ಹಿಂದಕ್ಕೆ ತಳ್ಳಿದ. ಯಾಕೆಂದು ಕೇಳಿದ ರೂತವ್ವನಿಗೆ, ಅದು ಗಟ್ಟಿಯಾಗುವುದು ದನ, ಹಂದಿಗಳ ತೊಗಲು ಮೂಳೆ ಬೇಯಿಸಿ ತೆಗೆದ ಸಾರದಿಂದ ಎಂದು ಹೇಳಿದ.

ಮುಂದೆ ನಡೆದದ್ದು ಈರವ್ವನಿಗೆ ತಿಳಿದದ್ದು ಪಾಸ್ಟರರ ಹೆಂಡತಿಯಿಂದ, ಎಷ್ಟೋ ದಿನಗಳ ಮೇಲೆ. ರೂತವ್ವ ರಾತ್ರಿ ಡ್ಯೂಟಿ ಮುಗಿದವಳೇ ನೇರ ಪಾಸ್ಟರರ ಮನೆಗೆ ಹೋದಳು. ಅವರು ತಲೆಯ ಮೇಲೆ ಕೈಹೊತ್ತು ಕೂತರು. “ಅವರಿಗೆ ಗೊತ್ತಿಲ್ಲ. ನಾವು ಬೇಕೆಂದು ಮಾಡಿದ್ದಲ್ಲ. ಹೇಳಿ ನೋಯಿಸುವುದಕ್ಕಿಂತ ಇನ್ನು ಮೇಲೆ ಎಚ್ಚರವಾಗಿದ್ದರೆ ಸಾಲದೇ? ಒಬ್ಬೊಬ್ಬರೇ ಬಿಟ್ಟು ಹೋದರೆ ಸಭೆ ಬುಧವಾರವನ್ನು ನಾಳೆಯೇ ಮುಚ್ಚುತ್ತದೆ, ರೂತ್.” ಅವರ ಮಾತಿನಲ್ಲಿ ಕಪಟವಿರಲಿಲ್ಲ. ರೂತವ್ವ ಹೇಳಿದಳಂತೆ: “ಮುಚ್ಚಿದರೆ ಮುಚ್ಚಲಿ. ಒಳ್ಳೆಯ ಸುದ್ದಿ ಹೇಳಲು ಹೊರಟವಳು ಕೆಟ್ಟ ಸುದ್ದಿ ಬಚ್ಚಿಟ್ಟರೆ, ನಾಳೆ ನನ್ನ ಯಾವ ಸುದ್ದಿಯನ್ನು ಅವರು ನಂಬಬೇಕು?” ಪಾಸ್ಟರರು ಎದ್ದು ಕೋಟು ಹಾಕಿಕೊಂಡರು.

ಆ ಶನಿವಾರ ಬೆಳಗ್ಗೆಯೇ ಇಬ್ಬರೂ ಈರವ್ವನ ಬಾಗಿಲಿಗೆ ಬಂದರು. ಪಾಸ್ಟರರು ಬೂಟು ಬಿಚ್ಚಿ ಒಳಗೆ ಬಂದು, ಕೂರಿ ಎಂದರೂ ಕೂರದೆ ನಿಂತರು. ರೂತವ್ವ ಸುತ್ತು ಬಳಸದೆ ಹೇಳಿದಳು. ಈರವ್ವ ಕೇಳಿದಳು. ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಸುರಿಯುವ ಸದ್ದು ಹೊರಗೆ ಕೇಳುತ್ತಿತ್ತು.

ಶರಣಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಏನ್ರಿ ಇದು ರೂತವ್ವಾರ? ಹೇಳದ ಇದ್ದಿದ್ರ ಏನು ಮುಳುಗತಿತ್ತು? ಇನ್ನ ನಮ್ಮವ್ವ ಊಟಾ ಬಿಟ್ಟು ಕುಂಡ್ರತಾಳ. ನಿಮಗ ನಿಮ್ಮ ಮನಸು ಹಗುರಾದ್ರ ಸಾಕು!”

“ಬೈರಿ ತಮ್ಮಾ, ಬೈಸಿಕೊಳ್ಳಾಕ ಬಂದೇನಿ” ಎಂದಳು ರೂತವ್ವ.

ಈರವ್ವ ಮಿಂದು, ಮಡಿಯುಟ್ಟು, ಲಿಂಗಪೂಜೆಗೆ ಕೂತಳು. ಅಂಗೈಯಲ್ಲಿ ಲಿಂಗವಿಟ್ಟುಕೊಂಡಾಗ ಅಳು ಒತ್ತಿ ಬಂತು. ಆದರೆ ಅಳುವಿನ ನಡುವೆಯೂ ಬೇರೊಂದು ಮಾತು ಮನಸ್ಸಿನಲ್ಲಿ ತಿರುಗತೊಡಗಿತ್ತು. ತನ್ನ ಹುಟ್ಟಿದೂರಿನಲ್ಲಿ, ಸ್ವಂತ ಬೀಗರು, ಹುಡುಗನಿಗೆ ಮೂರ್ಛೆ ಬರುವುದನ್ನು ಮುಚ್ಚಿಟ್ಟು ಲಗ್ನ ಮಾಡಿದ್ದುಂಟು. ಲಿಂಗ ಕಟ್ಟಿದವರೇ ಹಾಗೆ ಮಾಡಿದ್ದರು. ಇವಳು ಹೇಳದೇ ಇದ್ದಿದ್ದರೆ ತನಗೆ ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಹೇಳಿದರೆ ಬುಧವಾರ ಹೋಗುತ್ತದೆಂದು ಗೊತ್ತಿದ್ದೂ ಬಂದಿದ್ದಾಳೆ.

ಹಣೆಗೆ ವಿಭೂತಿ ಧರಿಸಿ ಹೊರಗೆ ಬಂದಾಗ ಇಬ್ಬರೂ ಹಾಗೇ ನಿಂತಿದ್ದರು.

“ಇವ್ರು ಯಾಕ ಬಂದಾರ? ನೀ ಒಬ್ಬಾಕಿ ಹೇಳಿದ್ರ ಸಾಕಾಗತಿರಲಿಲ್ಲೇನು?”

ರೂತವ್ವ ಪಾಸ್ಟರರ ಉತ್ತರವನ್ನು ಕನ್ನಡದಲ್ಲಿ ಹೇಳಿದಳು: “ಊಟಕ್ಕ ಕರದಾಂವ ನಾನು, ಮಾಫಿ ಕೇಳಾಕ ಬ್ಯಾರೇದವರನ್ನ ಕಳಸಿದ್ರ ಹೆಂಗ ಅಂತಾರ್‍ರೀ.”

“ಈಗ ಹೋಗ್ರಿ. ನನ್ನ ಮನಸು ಚೊಲೋ ಇಲ್ಲ” ಎಂದಳು ಈರವ್ವ.

ಅವರು ಹೀಗೆ ಮನೆ ಮನೆಗೂ ಹೋದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಬೈದು ಕಳಿಸಿದರು. ಬೇಕೆಂದೇ ತಿನ್ನಿಸಿದ್ದಾರೆ ಎಂದವರೂ ಇದ್ದರು. ಮುಂದಿನ ಬುಧವಾರ ಹಾಲ್ ಬಿಕೋ ಎನ್ನುತ್ತಿತ್ತು. ಅದರ ಮುಂದಿನ ಬುಧವಾರವೂ ರೂತವ್ವ ಒಬ್ಬಳೇ ಚಹಾ ಕಾಯಿಸಿ, ತಣ್ಣಗಾದ ಮೇಲೆ ಚೆಲ್ಲಿ ಬಂದಳು.

ಈರವ್ವ ಜಲಜಮ್ಮನಿಗೆ ಫೋನು ಮಾಡಿದಳು.

“ಅಯ್ಯೋ ನನ್ನ ಅವಸ್ಥೆ ಕೇಳ್ಬೇಡಿ ಈರವ್ವನವ್ರೇ!” ಎಂದರು ಜಲಜಮ್ಮ. “ಮೈಸೂರಿಗೆ ಟ್ರಂಕ್ ಕಾಲ್ ಮಾಡಿ ಪುರೋಹಿತರನ್ನ ಕೇಳಿದ್ದಾಯ್ತು. ಪಂಚಗವ್ಯ ತಗೊಳ್ಳಿ ಅಂತಾರೆ. ಸರಟೋಗಾದಲ್ಲಿ ಗೋಮೂತ್ರ ಎಲ್ಲಿಂದ ತರ್ಲಿ ಹೇಳಿ?”

“ಗ್ರೋಸರಿ ಅಂಗಡ್ಯಾಗ ಕೇಳ್ರಿ. ಈ ದೇಶದಾಗ ಎಲ್ಲಾ ಡಬ್ಬ್ಯಾಗ ಸಿಗತೈತಿ.”

ಇಬ್ಬರೂ ನಕ್ಕರು. ನಕ್ಕ ಮೇಲೆ ಈರವ್ವ ಗಟ್ಟಿಯಾಗಿ ಹೇಳಿದಳು: “ಕೇಳ್ರಿ ಜಲಜವ್ವಾರ. ಗೊತ್ತಿಲ್ಲದ ತಿಂದೇವಿ, ಅದು ನಮ್ಮ ದೇವರಿಗೆ ಗೊತ್ತೈತಿ. ಗೊತ್ತಾದ ಮ್ಯಾಲೆ ಮುಚ್ಚಿಡಲಿಲ್ಲ ಆಕಿ. ಅಂಥಾಕಿನ್ನ ಒಬ್ಬಾಕಿನ್ನ ಕುಂಡ್ರಿಸಿದ್ರ, ಅದು ನಮ್ಮ ತಪ್ಪಾಕ್ಕೈತಿ. ನಾ ಹೋಗಾಕಿ. ಆದ್ರ ಇನ್ನ ಮ್ಯಾಲೆ ಅಡಿಗಿ ನಮ್ದು.”

ಜನವರಿಯ ಆ ಬುಧವಾರ ಈರವ್ವ ಗೋಧಿ, ಬೆಲ್ಲ, ತನ್ನ ಮನೆಯ ಪಾತ್ರೆ ಹೊತ್ತು ಚರ್ಚಿನ ಅಡಿಗೆಮನೆಗೆ ನುಗ್ಗಿದಳು. ಸೆರಗು ಸಿಕ್ಕಿಸಿ ಹುಗ್ಗಿಗಿಟ್ಟಳು. ಪಾಸ್ಟರರ ಹೆಂಡತಿಗೆ ಕೊಬ್ಬರಿ ಹೆರೆಯಲು ಹಚ್ಚಿದಳು. ಜಲಜಮ್ಮ ಬಂದು ಮೂಗುಮುರಿಯುತ್ತಲೇ ಏಲಕ್ಕಿ ಕುಟ್ಟಿದರು. ತೀರ್ಮಾನಕ್ಕೆ ಮುಂಚೆ ಒಮ್ಮೆ ನೋಡಿಹೋಗೋಣವೆಂದು ಬಂದಿದ್ದ ಸಭೆಯ ಹಿರಿಯರಿಗೆ ಬಾಗಿಲಲ್ಲೇ ಬಟ್ಟಲು ಕೈಗೆ ಬಂತು. ಅತಿಥಿಗಳ ಮನೆಯಲ್ಲಿ ತಾವು ಅತಿಥಿಗಳಾದಂತೆ ಅವರು ಕೂತು ಉಂಡರು. ಬುಧವಾರ ನಿಲ್ಲಲಿಲ್ಲ. ಸಿಟ್ಟಾದವರೆಲ್ಲ ಮರಳಿದರೆಂದಲ್ಲ; ಎರಡು ಮನೆಯವರು ಕೊನೆಗೂ ಬರಲಿಲ್ಲ. ರೂತವ್ವ ಆ ಮನೆಗಳ ಮುಂದೆ ಈಗಲೂ ಕಾರು ನಿಧಾನ ಮಾಡುತ್ತಾಳೆ.

ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ, ಚವಳಿಕಾಯಿಯ ನಾರು ತೆಗೆಯುತ್ತ ಈರವ್ವ ತಾನಾಗಿಯೇ ಕೇಳಿದಳು: “ಸುಳ್ಳು ಹೇಳಾಕ ಬಿಡದಂಥಾಂವ ನಿನ್ನ ದೇವರು ಯಾರವಾ? ಆತ ಏನೇನು ಹೇಳ್ಯಾನ, ಒಂದಿಷ್ಟು ಹೇಳು, ಕೇಳೂಣು.” ರೂತವ್ವ ಹೇಳಿದಳು. ಕಾಯಿ ಮುಗಿಯುವವರೆಗೆ ಹೇಳಿದಳು. ಈರವ್ವ ತನ್ನ ಲಿಂಗವನ್ನು ಬಿಡಲಿಲ್ಲ. ರೂತವ್ವ ಬಿಡು ಎನ್ನಲಿಲ್ಲ. “ಚೊಲೋ ಅದಾನ ನಿಮ್ಮಾಂವ. ಮುಂದಿನ ವಾರ ಉಳಿದದ್ದು ಹೇಳು” ಎಂದಳು ಈರವ್ವ. ಹಾಗೆ ಮನಸಾರೆ ಕೇಳುವವರೊಬ್ಬರು ಆ ಚರ್ಚಿಗೆ ಸಿಕ್ಕದ್ದು ಅದೇ ಮೊದಲು ಎಂದು ಪಾಸ್ಟರರು ಒಂದು ಭಾನುವಾರ ಎಲ್ಲರೆದುರು ಒಪ್ಪಿಕೊಂಡರಂತೆ.

ರೂತವ್ವ ಈಗ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿದ್ದಾಳೆ. ಬುಧವಾರದ ಹಾಲ್ ಕೂಟ ನಡೆಸುತ್ತಾಳೆ. ಶನಿವಾರ, ಕರೆದ ಚರ್ಚುಗಳಿಗೆ ಹೋಗಿ, ನೆರೆಯವರ ಬಾಗಿಲಿಗೆ ಹೋದಾಗ ಮೊದಲು ಏನು ಕೇಳಬೇಕೆಂದು ಅಲ್ಲಿಯ ತರುಣರಿಗೆ ಹೇಳಿಕೊಡುತ್ತಾಳೆ.