ಸಚಿವರು ಎದ್ದು ನಿಂತಾಗ ಕರೆಂಟ್ ಹೋಯಿತು

ನಮ್ಮ ಮಾವನವರು ಪೂಜೆಯಷ್ಟೇ ನಿಷ್ಠೆಯಿಂದ ಮಾಡುತ್ತಿದ್ದ ಇನ್ನೊಂದು ಕೆಲಸವೆಂದರೆ ಟಿವಿಯಲ್ಲಿ ಲೋಕಸಭೆ ನೋಡುವುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಲೇ ಮುದುಕರಾದವರು. ಅವರಿಗೆ ಬರುತ್ತಿದ್ದ ಹಿಂದಿ ವ್ಯಾಪಾರಕ್ಕೆ ಬೇಕಾದಷ್ಟೇ, ಅಂದರೆ ದರ ಹೇಳುವುದಕ್ಕೆ ಮತ್ತು ಆಗುವುದಿಲ್ಲ ಅನ್ನುವುದಕ್ಕೆ. ನಾನು ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಹಿಂದಿ ಟೀಚರ್. ಹೀಗಾಗಿ ರಜೆ ಬಂದರೆ ಸಾಕು, ಟಿವಿ ಪಕ್ಕದ ಸ್ಟೂಲ್ ನನ್ನದು. ಸಭೆಯವರು ಹಿಂದಿಯಲ್ಲಿ ಅಂದದ್ದನ್ನೆಲ್ಲ ಇವರಿಗೆ ಕನ್ನಡದಲ್ಲಿ ಹೇಳಬೇಕು. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವಂತಿರಲಿಲ್ಲ.

ಅವರದು ಯಾವ ಪಕ್ಷ ಎಂದು ಕೇಳಿದರೆ ಹೇಳುವುದು ಸುಲಭ. ದಿಲ್ಲಿಯಲ್ಲಿ ಯಾರು ಆಳುತ್ತಿರಲಿ, ಇವರು ವಿರೋಧ ಪಕ್ಷ. ಸರ್ಕಾರ ಬದಲಾದ ಮರುದಿನವೇ ಇವರೂ ಬದಲಾಗಿ, ನಿನ್ನೆಯವರೆಗೆ ಬೈಯುತ್ತಿದ್ದವರನ್ನು ಹೊಗಳಲು ಶುರು ಮಾಡುತ್ತಿದ್ದರು. ನಾನು ನಕ್ಕರೆ, “ಕೇಳೋ ಮಂದಿ ಇರಬೇಕವಾ. ಸುಳ್ಳು ಹೇಳೋರು ಎಲ್ಲಾ ಕಡೆ ಸಿಗ್ತಾರ” ಅನ್ನುತ್ತಿದ್ದರು.

ದಿಲ್ಲಿಯಲ್ಲಿ ಕೇಳುವವರನ್ನು ಅಷ್ಟು ಮೆಚ್ಚುತ್ತಿದ್ದ ಮನುಷ್ಯ ಸ್ವಂತ ಪೇಟೆಯಲ್ಲಿ ಮಾತ್ರ ಕೇಳುವುದನ್ನು ಸಹಿಸುತ್ತಿರಲಿಲ್ಲ. ಅದು ಅವರೊಬ್ಬರ ಗುಣವಲ್ಲ, ಇಡೀ ಪೇಟೆಯ ರಿವಾಜು. ಸುತ್ತಲಿನ ಹಳ್ಳಿಗಳ ರೈತರು ದರ ಏರಲಿ ಎಂದು ಕಾಯುವಾಗ ತಮ್ಮ ಚೀಲಗಳನ್ನು ದಲಾಲಿಯ ಹೆಸರಿನಲ್ಲೇ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಿದ್ದರು. ಬರೀ ನಂಬಿಕೆಯ ಮೇಲೆ. ಆದ್ದರಿಂದ ಅಂಗಡಿಗೆ ಬಂದವರು ಮಳೆಯ ಬಗ್ಗೆ ಮಾತಾಡಬಹುದು, ದರದ ಬಗ್ಗೆ ಜಗಳಾಡಬಹುದು, ಆದರೆ ನಾಲ್ಕು ಜನರೆದುರು “ನನ್ನ ಮಾಲು ಐತೇನ್ರಿ?” ಎಂದು ಕೇಳುವಂತಿಲ್ಲ. ಹಾಗೆ ಕೇಳಿದರೆಂದರೆ ಆ ಅಂಗಡಿ ದಿವಾಳಿಯಾಗಿದೆ ಎಂದು ಡಂಗುರ ಸಾರಿದಂತೆ. ಸಂಶಯವಿದ್ದವನು ಸಾವುಕಾರನನ್ನು ಪಕ್ಕಕ್ಕೆ ಕರೆದು ಚಹಾ ಕುಡಿಯುತ್ತ ವಿಚಾರಿಸಬೇಕು. ನಮ್ಮ ಪೇಟೆಯಲ್ಲಿ ಬಹಿರಂಗವಾಗಿ ಕೇಳಿದ್ದು ಪ್ರಶ್ನೆಯಾಗಿ ಉಳಿಯುತ್ತಿರಲಿಲ್ಲ, ಸುದ್ದಿಯಾಗುತ್ತಿತ್ತು.

ಎರಡು ಸಾವಿರದ ಎಂಟನೆಯ ಇಸವಿಯ ದಸರಾ ರಜೆ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗುತ್ತಿವೆ ಎಂದು ಪೇಪರಿನವರು ದಿನಾ ಬರೆಯುತ್ತಿದ್ದರು. ನಮಗೇನು ಅಂದುಕೊಂಡಿದ್ದೆವು. ಅಷ್ಟರಲ್ಲಿ, ಮೆಣಸಿನಕಾಯಿಯ ಬಣ್ಣ ತೆಗೆದು ಹೊರದೇಶಕ್ಕೆ ಕಳಿಸುವ ಕಂಪನಿಗಳ ಖರೀದಿದಾರರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಫೋನ್ ಮಾಡಿದರೆ “ದೇಖೇಂಗೆ” ಎನ್ನುತ್ತಿದ್ದರು. ಆ ಒಂದು ಮಾತಿಗೆ ಅನುವಾದ ಬೇಕಿರಲಿಲ್ಲ, ನೋಡೋಣ ಅಂದರೆ ಕೊಳ್ಳುವುದಿಲ್ಲ ಎಂದು ಇಡೀ ಪೇಟೆಗೆ ಅರ್ಥವಾಗಿತ್ತು.

ಆ ದಿನ ಬೆಳಿಗ್ಗೆಯಿಂದ ಚಿತ್ತಿ ಮಳೆ ಜಿಟಿಜಿಟಿ ಹಿಡಿದಿತ್ತು. ಲೋಕಸಭೆಯಲ್ಲಿ ಹಣಕಾಸಿನ ಬಿಕ್ಕಟ್ಟಿನ ಚರ್ಚೆ ಇದೆ ಎಂದು ಗೊತ್ತಾಗಿ ಅಕ್ಕಪಕ್ಕದ ಅಂಗಡಿಯವರು, ಅಂದು ಪೇಟೆಗೆ ಬಂದಿದ್ದ ರೈತರು, ಎಲ್ಲರೂ ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಾನು ಸ್ಟೂಲಿನ ಮೇಲೆ.

ವಿರೋಧ ಪಕ್ಷದ ನಾಯಕರು ಎದ್ದರು. ಕೂಗಾಡಲಿಲ್ಲ. ಅವರು ಕೂಗಾಡಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ. ಮನೆಯ ಹಿರಿಯರು ಕೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಕೇಳಿದರು. ನಾನು ಹೇಳುತ್ತ ಹೋದೆ: “ಮಂದಿ ಬ್ಯಾಂಕಿನಾಗ ಇಟ್ಟ ರೊಕ್ಕ ಸುರಕ್ಷಿತ ಐತೇನು ಅಂತ ಕೇಳಾಕತ್ತಾರ. ಮಾಲು ಮಾರಬೇಕಾದ ರೈತರ ಗತಿ ಏನು ಅಂತಾರ. ಏನೂ ಆಗಿಲ್ಲ ಅಂತ ಎಷ್ಟು ದಿನ ಹೇಳ್ತೀರಿ, ಇಲ್ಲೇ ನಿಂತು ಖರೇ ಹೇಳ್ರಿ ಅಂತಾರ.”

ಮಾವನವರು ತೊಡೆ ತಟ್ಟಿದರು. “ಭೇಷ್! ಈಗ ಹೇಳಲಿ ನೋಡೂಣು!”

ಸಚಿವರು ಎದ್ದು ನಿಂತರು. ಕನ್ನಡಕ ಸರಿಮಾಡಿಕೊಂಡು ಕಾಗದ ಕೈಗೆ ತೆಗೆದುಕೊಂಡರು. ಅಷ್ಟಕ್ಕೆ ಕರೆಂಟ್ ಹೋಯಿತು.

ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಹಿಂದಿನ ದಿನವೂ ಹೋಗಿತ್ತು, ಅದರ ಹಿಂದಿನ ದಿನವೂ. ಆದರೆ ಆ ದಿನ ಯಾರೂ ಗೊಣಗಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತ ಕೂತರು. ಕೊನೆಗೆ ಮೂಲೆಯಲ್ಲಿದ್ದ ಒಬ್ಬರು ಮೆಲ್ಲಗೆ, “ಬೇಕಂತ ತಗದಾರ” ಅಂದರು. ಇನ್ನೊಬ್ಬರು, “ಪಾರ್ಲಿಮೆಂಟಿನಾಗ ಅಷ್ಟು ಮಂದಿ ಮುಂದ ಕೇಳ್ಯಾರಂದ್ರ ಮುಗೀತು. ಏನೂ ಇಲ್ದ ಹಂಗ ಕೇಳ್ತಾರೇನು?” ಅಂದರು. ನಾನು, “ಪಾರ್ಲಿಮೆಂಟ್ ಇರೋದ ಕೇಳಾಕ್ರೀ” ಅಂದೆ. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವರು ಪೇಟೆಯ ಲೆಕ್ಕದಲ್ಲೇ ಅಳೆದುಬಿಟ್ಟಿದ್ದರು. ನಾಲ್ಕು ಜನರೆದುರು ಕೇಳಿದ್ದಾಗಿದೆ, ಅಂದಮೇಲೆ ದಿವಾಳಿ. ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಹೋದರು.

ಸಂಜೆಯೊಳಗೆ ಸುದ್ದಿಗೆ ಕೈಕಾಲು ಬಂದವು. ಬ್ಯಾಂಕ್ ಮುಳುಗಿದರೆ, ಬ್ಯಾಂಕಿನಿಂದ ಸಾಲ ತಂದು ಕಟ್ಟಿದ ಕೋಲ್ಡ್ ಸ್ಟೋರೇಜಿಗೆ ಬೀಗ. ಬೀಗ ಬಿದ್ದರೆ ಒಳಗಿನ ಮಾಲು ಯಾರದೋ ಏನೋ. ಬೇರೆ ಊರಿನವರಾಗಿದ್ದರೆ ಬ್ಯಾಂಕಿಗೆ ಓಡುತ್ತಿದ್ದರು. ನಮ್ಮವರು ಓಡಿದ್ದು ಕೋಲ್ಡ್ ಸ್ಟೋರೇಜಿಗೆ.

ಮರುದಿನದ ಪೇಪರಿನಲ್ಲಿ ಸಚಿವರ ಉತ್ತರ ಬಂದಿತ್ತು. ನಾಯಕರ ಪ್ರಶ್ನೆ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ, ಉತ್ತರ ಒಳಪುಟದಲ್ಲಿ ಸಣ್ಣದಾಗಿ. ನಮ್ಮ ಬ್ಯಾಂಕುಗಳು ಭದ್ರವಾಗಿವೆ, ಯಾರೂ ಹೆದರಬೇಕಿಲ್ಲ ಎಂದು. ನಾನು ಗಟ್ಟಿಯಾಗಿ ಓದಿದೆ. ಮಾವನವರು ಚಹಾದ ಬಸಿ ಬದಿಗಿಟ್ಟು ಕೋಲ್ಡ್ ಸ್ಟೋರೇಜಿನ ರಸೀದಿಗಳ ಕಟ್ಟು ಬಿಚ್ಚಿದರು. ಒಂದೊಂದನ್ನೂ ಎಣಿಸಿ, ಮತ್ತೆ ಮೊದಲಿನಿಂದ ಎಣಿಸಿದರು. ಅದನ್ನು ನೋಡಿದ ಮೇಲೆ ನನಗೆ ನಿಜವಾದ ಭಯ ಹುಟ್ಟಿತು. ಅಲ್ಲಿಯವರೆಗೆ ನನ್ನದು ಓದಿದವರ ಭಯ, ಪೇಪರಿನಲ್ಲಿ ಇರುವಂಥದ್ದು. ಈಗ ಅದು ನಮ್ಮ ಮನೆಯ ಮುಂದೆ ಬಂದು ನಿಂತಿತ್ತು, ಏಕೆಂದರೆ ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ ಹೆಸರಿನಲ್ಲಿದ್ದ ಚೀಲಗಳಲ್ಲಿ ನಮ್ಮವು ಕಡಿಮೆ, ಊರವರವು ಹೆಚ್ಚು. ಅವಕ್ಕೆ ಏನಾದರೂ ಆದರೆ ಮಾವನವರ ಮಾತಿಗೆ ಆ ಪೇಟೆಯಲ್ಲಿ ಮೂರು ಕಾಸಿನ ಬೆಲೆ ಉಳಿಯುತ್ತಿರಲಿಲ್ಲ.

ಹತ್ತು ಗಂಟೆಗೆ ಅಂಗಡಿಯ ಮುಂದೆ ಜನ ನೆರೆದರು. ನಮ್ಮ ಮನೆಗೂ ಅಂಗಡಿಗೂ ಒಂದೇ ಗೋಡೆ, ನಾನು ನಡುವಿನ ಬಾಗಿಲಲ್ಲಿ ನಿಂತಿದ್ದೆ. ಯಾರೂ ಏನೂ ಕೇಳಲಿಲ್ಲ. ಮಳೆಯಲ್ಲಿ ಗೋಣಿಚೀಲ ಹೊದ್ದು ಸುಮ್ಮನೆ ನಿಂತರು. ಜಗಳಕ್ಕೆ ಬಂದಿದ್ದರೆ ಬೈದು ಕಳಿಸಬಹುದಿತ್ತು, ಮೌನವಾಗಿ ನಿಂತವರನ್ನು ಏನು ಮಾಡುವುದು? ಮಾವನವರು ಗಾದಿಯ ಮೇಲಿಂದಲೇ, “ಏನೂ ಆಗಿಲ್ಲ, ಹೋಗ್ರಿ. ಯಾರೂ ಅಂಜಬ್ಯಾಡ್ರಿ” ಅಂದರು. ಹಿಂದಿನ ದಿನ ಸಚಿವರ ಬಾಯಲ್ಲಿ ಬಂದಿದ್ದರೆ ತಾವೇ ನಕ್ಕುಬಿಡುತ್ತಿದ್ದ ಮಾತು.

ಹಲಗೇರಿಯ ಒಬ್ಬ ಹೆಂಗಸು ಮುಂದೆ ಬಂದಳು. ಗಂಡ ಹೋದ ಮೇಲೆ ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದವಳು, ಆ ವರ್ಷ ಡಬ್ಬಿ ತಳಿಯ ಒಳ್ಳೆಯ ಮೆಣಸಿನಕಾಯಿ ಬೆಳೆದಿದ್ದಳು. ಕಾಯಿ ತಂದಾಗಲೆಲ್ಲ ನಮ್ಮ ಅಡುಗೆಮನೆಗೆ ಬಂದು ನನ್ನ ಕೈಯ ಚಹಾ ಕುಡಿದು, ಸಕ್ಕರೆ ಹೆಚ್ಚಾಯಿತೆಂದು ಟೀಕೆ ಮಾಡಿ ಹೋಗುವಷ್ಟು ಸಲಿಗೆ. ಅವಳೇ ಸೆರಗು ತಲೆಯ ಮೇಲೆ ಎಳೆದುಕೊಂಡು, ಎಲ್ಲರಿಗೂ ಕೇಳುವಂತೆ ಅಂದಳು: “ಸಾವ್ಕಾರ್ರ, ನನ್ನ ಚೀಲ ಅದಾವೇನ್ರಿ?”

ಎದುರು ಅಂಗಡಿಯವರು ತಿರುಗಿ ನೋಡಿದರು. ಚೀಲ ಹೊತ್ತು ಹೊರಟಿದ್ದ ಹಮಾಲನೂ ನಿಂತ. ನಾನು ಬಾಗಿಲು ದಾಟಿ ಅಂಗಡಿಯೊಳಗೆ ಬಂದೆ.

ಮಾವನವರ ಮುಖದ ಬಣ್ಣ ಹೋಯಿತು. ಆಮೇಲೆ ಎದ್ದು ನಿಂತು ಕಿರುಚಿದರು, “ಅದಾವು! ಎಲ್ಲಾ ಅದಾವು! ಈಗ ತಗಿಸಿ ನಿಮ್ಮ ಮುಂದ ಹಾಕ್ತೇನಿ, ಕಣ್ಣಾರೆ ನೋಡ್ರಿ!”

ನಮ್ಮ ಮನೆಯವರು ಓಡಿ ಬಂದು ಅಪ್ಪನ ಕೈ ಹಿಡಿದರು. “ಅಪ್ಪಾ, ಮಳಿ ಐತಿ. ನಡುಮನ್ಯಾಗ ಒಂದಿನ ಇಡಲಾರ್ದ ತಗದ್ರ ಕಾಯಿ ಬೆವರ್ತಾವು.” ಪೇಟೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು ಅದು. ತಣ್ಣನೆಯ ಕೋಣೆಯಿಂದ ತೆಗೆದ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲೇ ಇರುವ ನಡುವಿನ ಕೋಣೆಯಲ್ಲಿಟ್ಟು, ಅದರ ಚಳಿ ಇಳಿದ ಮೇಲೆಯೇ ಹೊರಗೆ ತರಬೇಕು. ಇಲ್ಲದಿದ್ದರೆ ಹಸಿ ಗಾಳಿ ತಾಗಿ ಮೈತುಂಬ ನೀರೊಡೆಯುತ್ತದೆ. ಮಾವನವರಿಗೆ ಗೊತ್ತಿರಲಿಲ್ಲವೇ? ಮಗನಿಗೆ ಕಲಿಸಿದ್ದೇ ಅವರು. ಆದರೆ ಕೈ ಕೊಡವಿಕೊಂಡು ಮಳೆಯಲ್ಲೇ ನಡೆದರು. ಬಿ.ಪಿ. ಇದ್ದ ಜೀವ, ಎಲ್ಲಿ ಬಿದ್ದಾರೋ ಎಂದು ನಾನು ಛತ್ರಿ ಹಿಡಿದು ಬೆನ್ನು ಹತ್ತಿದೆ.

ಕೋಲ್ಡ್ ಸ್ಟೋರೇಜಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಟ್ರ್ಯಾಕ್ಟರು, ಎತ್ತಿನ ಗಾಡಿ, ಆಟೋ. ನಡುವಿನ ಕೋಣೆ ಯಾರ್ಯಾರದೋ ಚೀಲಗಳಿಂದ ಭರ್ತಿಯಾಗಿತ್ತು. “ಸ್ವಲ್ಪ ತಡಕೋರಿ” ಎಂದು ಮ್ಯಾನೇಜರ್ ಎಲ್ಲರಿಗೂ ಕೈ ಮುಗಿಯುತ್ತಿದ್ದ. ಹೆದರಿದವರ ಮೇಲೆ ಹಾವು ಎಸೆದಂತೆ, ತಡೆಯಿರಿ ಅಂದಷ್ಟೂ ಜನ ನುಗ್ಗಿದರು. ಬೀಗ ಹಾಕಲು ಬಂದಿದ್ದಾರೆ ಎಂದು ಯಾರೋ ಕೂಗಿದರು. ಬೀಗವೂ ಇರಲಿಲ್ಲ, ಹಾಕುವವರೂ ಇರಲಿಲ್ಲ. ಆದರೂ ನಾನೇ ಕತ್ತು ಉದ್ದ ಮಾಡಿ ಬಾಗಿಲ ಕಡೆ ನೋಡಿದೆ.

ನಮ್ಮ ಚೀಲಗಳು ನೇರವಾಗಿ ಹೊರಗೆ ಬಂದವು. ಬಾಗಿಲು ದಾಟಿದ ಸ್ವಲ್ಪ ಹೊತ್ತಿಗೇ ಗೋಣಿಯ ಮೇಲೆ ಹನಿ ಕಾಣಿಸಿತು. ಮಳೆಯ ಹನಿ ಇರಬೇಕೆಂದು ಸೆರಗಿನಿಂದ ಒರೆಸಿದೆ. ಮತ್ತೆ ಬಂತು. ಅಂಗಡಿಯ ಮುಂದೆ ಇಳಿಸಿ ಬಾಯಿ ಬಿಚ್ಚಿದಾಗ ಕಾಯಿ ಕೆಂಪಗೆ ಹೊಳೆಯುತ್ತಿದ್ದವು. ಜನ ಮುಟ್ಟಿ ಮುಟ್ಟಿ ನೋಡಿದರು, ತಮ್ಮ ಗುರುತಿನ ಚೀಲ ಎಣಿಸಿಕೊಂಡರು, ನಕ್ಕರು. ಹಲಗೇರಿಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಒಂದು ಮಧ್ಯಾಹ್ನ ಮಾವನವರು ಗೆದ್ದರು.

ಆಮೇಲೆ ಬಿಸಿಲು ಬೀಳಲೇ ಇಲ್ಲ. ಪಡಸಾಲೆ, ಮಲಗುವ ಕೋಣೆ, ದೇವರ ಮನೆಯ ಮುಂದೆ, ಎಲ್ಲೆಲ್ಲಿ ನೆಲ ಇತ್ತೋ ಅಲ್ಲೆಲ್ಲ ಕಾಯಿ ಹರಡಿದೆವು. ಫ್ಯಾನ್ ಹಾಕಿದರೆ ಕರೆಂಟ್ ಇಲ್ಲ. ಮೊದಲು ತೊಟ್ಟಿನ ಹತ್ತಿರ ಕಪ್ಪಾಯಿತು, ಆಮೇಲೆ ಬೂದಿಯಂಥ ಬೂಸ್ಟು. ಮನೆ ತುಂಬ ಮುಗ್ಗಲು ವಾಸನೆ. ಉಸಿರೆಳೆದರೆ ಕೆಮ್ಮು. ಪೇಟೆಯಲ್ಲಿ ಎಷ್ಟೋ ಮನೆಗಳಲ್ಲಿ ಅದೇ ವಾಸನೆ, ಅದೇ ಕೆಮ್ಮು. ಬ್ಯಾಂಕುಗಳು ಎಂದಿನಂತೆ ಬಾಗಿಲು ತೆರೆದವು. ಕೋಲ್ಡ್ ಸ್ಟೋರೇಜಿಗೆ ಯಾರೂ ಬೀಗ ಹಾಕಲಿಲ್ಲ. ಒಳಗೇ ಉಳಿದ ಚೀಲಗಳು ಇದ್ದ ಹಾಗೇ ಇದ್ದವು. ಮಾಲು ಇದೆ ಎಂದು ತೋರಿಸಲು ಹೋಗಿ ನಾವು ಅದನ್ನು ಇಲ್ಲದಂತೆ ಮಾಡಿಕೊಂಡಿದ್ದೆವು.

ಮಳೆ ಬಿಟ್ಟ ಮೇಲೆ ಹಲಗೇರಿಯವಳು ಬಂದಳು. ಬೈಯುತ್ತಾಳೆಂದು ನಾನು ಒಳಗೊಳಗೇ ಗಟ್ಟಿಯಾಗುತ್ತಿದ್ದೆ. ಬೈಯಲಿಲ್ಲ. ಜಗಲಿಯ ಮೇಲೆ ಕೂತು ತನ್ನ ರಾಶಿಯಲ್ಲಿ ಒಂದಿಷ್ಟಾದರೂ ಚಲೋ ಕಾಯಿ ಸಿಗುತ್ತವೆಯೋ ಎಂದು ಆರಿಸತೊಡಗಿದಳು. ಮಾವನವರು ಗಾದಿಯಿಂದ ಇಳಿದು ಬಂದು ಅವಳ ಎದುರು ನೆಲದ ಮೇಲೆ ಕೂತು ತಾವೂ ಆರಿಸತೊಡಗಿದರು.

“ಒಂದು ಮಾತು ಕೇಳ್ಲೇನ್ರಿ?” ಅಂದಳು.

“ಕೇಳವಾ.”

“ನಾ ಅಂಜಿ ಕೇಳಿದ್ನಿ. ನನಗೇನ್ ತಿಳೀತೈತ್ರಿ? ನೀವು ಗದರಿಸಿ ಕಳಸ್ತೀರಿ, ಮನಿಗೆ ಹೋಗಿ ಧೈರ್ಯಲೇ ಮಲಗೂಣು ಅಂತ ಬಂದಿದ್ನಿ. ಹಿಂಗ ತಗದ್ರ ಹಾಳಾಗ್ತಾವು ಅಂತ ನಿಮಗ ಗೊತ್ತಿತ್ತಲ್ರಿ. ಯಾಕ ತಗಿಸಿದ್ರಿ?”

ನಾನು ಬಾಗಿಲಲ್ಲಿ ನಿಂತಿದ್ದೆ. ಹಠಮಾರಿ ಮನುಷ್ಯ, ಮಳೆಯನ್ನೋ ಸರ್ಕಾರವನ್ನೋ ಬೈದು ಪಾರಾಗುತ್ತಾರೆ ಅಂದುಕೊಂಡೆ. ಅವರು ಕೈಯಲ್ಲಿದ್ದ ಕರಿ ಕಾಯಿಯನ್ನು ಬದಿಗಿಟ್ಟರು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಎದುರು ಅಂಗಡಿಯವರು ಕೇಳಿಸಿಕೊಳ್ಳುತ್ತಿದ್ದರು.

“ನಾನೂ ಅಂಜಿದ್ನೆವಾ,” ಅಂದರು. ದನಿಯನ್ನು ತಗ್ಗಿಸಲಿಲ್ಲ.