ಎತ್ತಿ ಕುಡಿಯುವವರ ಊರಿನಲ್ಲಿ ಗೋಲಿ ಸೋಡ

ಹೋದ ತಿಂಗಳು ಮಡಕಶಿರದ ಹೈಸ್ಕೂಲಿನವರು ನನ್ನನ್ನು ಕರೆಸಿ, ವ್ಯಾಪಾರದಲ್ಲಿ ಮುಂದೆ ಬರುವವನಿಗೆ ಯಾವ ಗುಣಗಳಿರಬೇಕು ಎಂಬ ವಿಷಯವಾಗಿ ನಾಲ್ಕು ಮಾತಾಡಿ ಎಂದರು. ನಾನು ನಾಲ್ಕರ ಬದಲು ನಾನೂರು ಮಾತಾಡಿದೆ. ಧೈರ್ಯ, ಹಟ, ಮಾತುಗಾರಿಕೆ, ದೂರದೃಷ್ಟಿ ಎಂದು ಬೆರಳು ಮಡಚಿ ಮಡಚಿ ಎಣಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಮೇಷ್ಟರು ನಿದ್ದೆ ಹೋದರು. ಕೊನೆಗೆ ಹಾರ ಹಾಕಿದರು, ಹಾಕಿಸಿಕೊಂಡೆ. ನಿಜ ಹೇಳಬೇಕೆಂದರೆ ಆ ನಾಲ್ಕು ಗುಣಗಳೂ ನನ್ನಲ್ಲಿ ಧಾರಾಳವಾಗಿದ್ದವು, ಅವುಗಳ ದೆಸೆಯಿಂದಲೇ ನಾನು ಮುಳುಗುವುದರಲ್ಲಿದ್ದೆ. ಅದನ್ನು ಆ ಹುಡುಗರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಇಲ್ಲಿ ಬರೆಯಲು ಅಷ್ಟು ನಾಚಿಕೆಯಿಲ್ಲ.

ನಮ್ಮದು ಮಡಕಶಿರದಲ್ಲಿ ಒಂದು ಕಿರಾಣಿ ಅಂಗಡಿ. ಒಂದು ಅಂಗಡಿಗೆ ನಾಲ್ಕು ಜನ ಗಂಡುಮಕ್ಕಳು. ಕೊನೆಯವನಾದ ನನಗೆ ಗಲ್ಲಾಪೆಟ್ಟಿಗೆಯ ಹತ್ತಿರ ಜಾಗವಿರಲಿಲ್ಲ, ಉಪ್ಪಿನ ಮೂಟೆಯ ಮೇಲೆ ಕೂರುತ್ತಿದ್ದೆ. ರಾಯದುರ್ಗದ ಬಟ್ಟೆ ವ್ಯಾಪಾರಿಯೊಬ್ಬರ ಮಗಳನ್ನು ನನಗೆ ತಂದರು. ಮದುವೆಯಾಗಿ ಆರು ತಿಂಗಳಿಗೆ ಮಾವನಿಂದ ಪತ್ರ ಬಂತು: ಅಳಿಯಂದಿರು ಬಂದು ನಮ್ಮ ಅಂಗಡಿಯಲ್ಲಿ ಕೈಜೋಡಿಸಲಿ. ನಮ್ಮಣ್ಣಂದಿರು ನನ್ನ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಬಂದು ಗಾಡಿಗೆ ಹಾಕಿದರು. ಅಷ್ಟು ಪ್ರೀತಿಯನ್ನು ಅವರು ಅದಕ್ಕೆ ಮುಂಚೆ ತೋರಿಸಿರಲಿಲ್ಲ.

ಹೀಗೆ ನಾನು ಮನೆಅಳಿಯನಾದೆ. ಮಾವನ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವುದು ನನ್ನ ಕೆಲಸ. ನಾನು ನಮ್ಮೂರ ರೀತಿಯಲ್ಲಿ 'ಬತ್ತೀನಿ, ಓಯ್ತೀನಿ' ಅಂದರೆ ಗಿರಾಕಿಗಳು ಕಿಸಕ್ಕನೆ ನಗುತ್ತಿದ್ದರು, ಭಾವಮೈದುನ ಅದನ್ನು ಮತ್ತೊಮ್ಮೆ ಹೇಳಿ ನಗಿಸುತ್ತಿದ್ದ. ಆರು ವರ್ಷ ಹೀಗೆ ಅಳೆದೆ. ಊಟ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಬಾರದು. ಊಟ ಚೆನ್ನಾಗಿರುವ ಕಡೆ ಮರ್ಯಾದೆಯ ನೆನಪು ಬರುವುದು ತಡ.

ನೆನಪು ಮಾಡಿಕೊಟ್ಟವಳು ನನ್ನ ಹೆಂಡತಿ. ಅವಳದು ಮಾತು ಬಹಳ ಕಡಿಮೆ. ಹುಟ್ಟಿದ ಮನೆಯಲ್ಲೇ ಇದ್ದಳು, ಆದರೆ ಅಡಿಗೆಮನೆ ಅವಳ ಅತ್ತಿಗೆಯದು. ಬೀಸುವುದು, ರೊಟ್ಟಿ ಬಡಿಯುವುದು ಇವಳು. ಏನು ಮಾಡಬೇಕು, ಎಷ್ಟು ಮಾಡಬೇಕು ಎನ್ನುವುದು ಅತ್ತಿಗೆ. ಒಂದು ದಿನ ನನ್ನ ಪಂಚೆ ಒಣಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ನನಗ ನಂದೊಂದು ಒಲಿ ಬೇಕ್ರಿ."

ಅಷ್ಟೇ. ಬಳೆ ಬೇಕು ಸೀರೆ ಬೇಕು ಎಂದಿದ್ದರೆ ನಾನು ಹೂಂ ಎಂದು ಮರೆತುಬಿಡುತ್ತಿದ್ದೆ. ಒಲೆ ಬೇಕು ಎಂದರೆ ಬೇರೆ ಮನೆ ಬೇಕು, ಬೇರೆ ಮನೆಗೆ ಬೇರೆ ದುಡಿಮೆ ಬೇಕು. ಇಲ್ಲಿಂದ ನನ್ನ ದೂರದೃಷ್ಟಿ ಕೆಲಸ ಶುರುಮಾಡಿತು.

ದಾರದ ಉಂಡೆ ತರಲು ಬಳ್ಳಾರಿಗೆ ಹೋದಾಗ ಸ್ಟೇಷನ್ನಿನಲ್ಲಿ ಒಬ್ಬ ಬಿಳಿ ಸಿಪಾಯಿ ಗೋಲಿ ಸೋಡ ಕುಡಿಯುವುದನ್ನು ನೋಡಿದ್ದೆ. ಹೆಬ್ಬೆರಳಿನಿಂದ ಗೋಲಿ ಒತ್ತಿದ, ಟಪ್ ಎಂದಿತು, ಬಾಟಲಿಯನ್ನು ಬಾಯಿಗಿಟ್ಟು ಗಟಗಟ ಕುಡಿದ. ರಾಯದುರ್ಗದ ಬಿಸಿಲಿಗೆ ಇದಕ್ಕಿಂತ ಬೇರೆ ವ್ಯಾಪಾರ ಉಂಟೇ ಎಂದುಕೊಂಡೆ. ದಂಡಿನ ಪ್ರದೇಶದ ಒಬ್ಬ ಮುದುಕನಿಂದ ಹಳೆಯ ಸೋಡ ಮಷೀನು ಕೊಂಡು ರೈಲಿಗೆ ಹಾಕಿಸಿದೆ. ಮಾವನಿಗೆ ಹೇಳಿದ್ದು ಅದು ಸ್ಟೇಷನ್ನಿಗೆ ಬಂದು ಇಳಿದ ಮೇಲೆ. ಧೈರ್ಯ ಎಂದು ನಾನು ಕರೆದದ್ದು ಇದನ್ನೇ.

ಮಾವ ದಪ್ಪ ಮನುಷ್ಯರು, ಕೋಪ ಮಾಡಿಕೊಳ್ಳಲೂ ಅವರಿಗೆ ಹೊತ್ತು ಹಿಡಿಯುತ್ತಿತ್ತು. ತಾಲ್ಲೂಕು ಕಚೇರಿಯ ಎದುರಿಗೆ ಅವರದೊಂದು ಮುಚ್ಚಿದ ಮಳಿಗೆ, ಅದರ ಹಿಂದೆ ಎರಡು ಕೋಣೆ ಇದ್ದವು. ನಾಲ್ಕನೆಯ ದಿನ ಕರೆದರು.

"ಉಗಾದಿ ತನಕ ನೋಡ್ತೀನ್ರಿ ಅಳಿಯಂದ್ರ. ನಡೀತಂದ್ರ ಹಿಂದಿನ ಎರಡು ಕೋಣಿ ನಿಮಗ, ಒಲಿ ಹಾಕ್ಕೊಂಡು ಇರ್ರಿ. ನಡೀಲಿಲ್ಲಂದ್ರ ಮಷೀನು ಗುಜರಿಗೆ, ನೀವು ಗಜಕಡ್ಡಿಗೆ. ಮತ್ತ ಒಲಿ ಮಾತು ಎತ್ತಬಾರ್ದು."

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಅಂಗಡಿ ತೆರೆದೆ. ಮೊದಲ ಬಾಟಲಿಯನ್ನು ಕಣೇಕಲ್ಲಿನ ಒಬ್ಬ ದೊಡ್ಡ ಕುಳದ ಕೈಗೆ ಕೊಟ್ಟೆ. ಕೆರೆ ಕೆಳಗೆ ಗದ್ದೆ ಇದ್ದವರು, ರೇಷ್ಮೆ ರುಮಾಲಿನವರು, ಯಾವುದೋ ಭೂಮಿಯ ತಗಾದೆಗೆ ಕಚೇರಿಗೆ ಬಂದಿದ್ದರು. ಸುತ್ತ ಜನ ಸೇರಿದರು. ಅವರು ಬಾಟಲಿಯನ್ನು ತೆಗೆದುಕೊಂಡು, ನಮ್ಮ ಕಡೆಯವರೆಲ್ಲ ಮಾಡುವಂತೆ, ಮುಖ ಮೇಲೆ ಮಾಡಿ ಬಾಯಿ ತೆರೆದು ಒಂದು ಗೇಣು ಎತ್ತರದಿಂದ ಸುರಿದುಕೊಳ್ಳಲು ಹೋದರು.

ನಮ್ಮಲ್ಲಿ ನೀರನ್ನು ಎತ್ತಿ ಕುಡಿಯುತ್ತಾರೆ. ತುಟಿ ತಾಗಿದರೆ ಪಾತ್ರೆ ಎಂಜಲು. ಹಾಲುಬಿಟ್ಟ ಮಗುವಿಗೂ ಇದು ಗೊತ್ತು, ನನಗೂ ಗೊತ್ತಿತ್ತು. ಆದರೆ ಬಳ್ಳಾರಿಯ ಸಿಪಾಯಿಯ ತುಟಿಯನ್ನೇ ಕಣ್ಣಲ್ಲಿ ಇಟ್ಟುಕೊಂಡಿದ್ದವನಿಗೆ ನಮ್ಮೂರವರ ತುಟಿ ಮರೆತುಹೋಗಿತ್ತು. ಗೋಲಿ ಸೋಡದ ಬಾಟಲಿಯನ್ನು ಹಾಗೆ ತಲೆಕೆಳಗು ಮಾಡಿದರೆ ಒಳಗಿನ ಗೋಲಿ ಉರುಳಿ ಬಂದು ಬಾಯಿಗೆ ಕೂತುಬಿಡುತ್ತದೆ. ಕುಳದವರು ಬಾಯಿ ತೆರೆದುಕೊಂಡು ಕಾದರು. ಏನೂ ಬರಲಿಲ್ಲ. ಕುಲುಕಿದರು. ಆಮೇಲೆ ಬಾಟಲಿಯನ್ನು ಇಳಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಒಳಗೆ ಇಣುಕಿ, ಬೆರಳಿನಿಂದ ಗೋಲಿ ಒತ್ತಿದರು. ರುಮಾಲು, ಮೀಸೆ, ಕೈಯಲ್ಲಿದ್ದ ಕಾಗದಪತ್ರ ಎಲ್ಲವೂ ನೆನೆದವು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರು ನನಗೆ ತೆಲುಗಿನಲ್ಲಿ ಎರಡು ಮಾತು, ಕನ್ನಡದಲ್ಲಿ ನಾಲ್ಕು ಮಾತು ಬೈದು ಹೋದರು.

ಇನ್ನು ನನ್ನ ಮಾತುಗಾರಿಕೆ. ಬಾಯಿಗಿಟ್ಟು ಕುಡಿಯಿರಿ, ಯೋಚನೆ ಬೇಡ, ಪ್ರತಿ ಬಾಟಲಿಯನ್ನೂ ಬಿಸಿನೀರಲ್ಲಿ ಮೂರು ಸಲ ತೊಳೆಯುತ್ತೇನೆ ಎಂದು ದಿನವೂ ಅಂಗಡಿಯ ಮುಂದೆ ನಿಂತು ಕೂಗಿದೆ. ಮೂರು ಸಲ ತೊಳೆಯುತ್ತಾನೆಂದರೆ ಎಷ್ಟು ಜನ ಬಾಯಿ ಹಾಕಿರಬೇಕು ಎಂದು ಜನ ಲೆಕ್ಕ ಹಾಕಿದರು. ನಾನು ಮಾತಾಡಿದಷ್ಟೂ ಅವರು ದೂರ ಸರಿದು ನಿಂತರು. ಡಿ. ಹಿರೇಹಾಳಿನ ಕಡೆಯ ಇಬ್ಬರು ಮಾತ್ರ ನನ್ನ ಭಾಷಣ ಕೇಳಲೆಂದೇ ಬರುತ್ತಿದ್ದರು, ಕೇಳಿ ಎದುರಿನ ಬೇವಿನ ಮರದಡಿ ಹೋಗಿ ನೀರು ಕುಡಿಯುತ್ತಿದ್ದರು.

ಹೆಂಡತಿ ಮಧ್ಯಾಹ್ನ ನನಗೆ ಬುತ್ತಿ ತಂದು, ಒಳಗಿನ ಅರ್ಧ ಬಾಗಿಲಿನ ಹಿಂದೆ ಕೂತು ಹೊರಗಡೆ ನೋಡುತ್ತಿದ್ದಳು. ಒಂದು ವಾರ ನೋಡಿ, ಅವರವರ ಚೊಂಬಿಗೆ ಸೋಡ ಸುರಿದುಕೊಟ್ಟರೆ ಆಗದೇ ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಚೊಂಬಿಗೆ ಸುರಿದರೆ ಗ್ಯಾಸು ಹಾರಿಹೋಗುತ್ತದೆ, ಗೋಲಿಯ ಗತ್ತೇ ಹೋಗುತ್ತದೆ, ಆಮೇಲೆ ಅದಕ್ಕೂ ಬಾವಿಯ ನೀರಿಗೂ ಏನು ವ್ಯತ್ಯಾಸ, ನಿನಗೇನು ತಿಳಿಯುತ್ತದೆ ಎಂದೆಲ್ಲ ರೇಗಿದೆ. ಊರೇ ಬಾಟಲಿಗೆ ಬಾಯಿ ಹಾಕುವುದನ್ನು ಕಲಿಯುವವರೆಗೆ ಬಿಡುವವನಲ್ಲ ಎಂದು ಪಟ್ಟು ಹಿಡಿದೆ. ಹೈಸ್ಕೂಲಿನಲ್ಲಿ ನಾನು ಹೊಗಳಿದ ಹಟ ಇದು. ಅವಳು ಬುತ್ತಿಯ ಬಟ್ಟೆ ಮಡಚಿಕೊಂಡು ಎದ್ದು ಹೋದಳು.

ಉಗಾದಿಗೆ ಹದಿನೈದು ದಿನ ಉಳಿಯಿತು. ಮಾರಾಟವಿಲ್ಲದಿದ್ದರೂ ಗ್ಯಾಸು ತೀರಿತ್ತು, ಯಾಕೆಂದರೆ ಕುಡಿಯುವವನು ನಾನೊಬ್ಬ ಇದ್ದೆ. ತುಂಬಿಟ್ಟ ಮೂರು ಡಜನ್ ಬಾಟಲಿಗಳನ್ನು ಅಂಗಡಿಯಲ್ಲಿ ಬಿಟ್ಟು, ಬೀಗ ಹಾಕಿ, ಬೀಗದ ಕೈ ಮನೆಯಲ್ಲಿಟ್ಟು ಬೆಳಗಿನ ರೈಲಿಗೆ ಬಳ್ಳಾರಿಗೆ ಹೋದೆ. ಮತ್ತೊಂದು ಸಿಲಿಂಡರು ತೆಗೆದುಕೊಂಡು ಮಧ್ಯಾಹ್ನ ಇಳಿಯುವ ಹೊತ್ತಿಗೆ ವಾಪಸು ಬಂದೆ. ಸ್ಟೇಷನ್ನಿನಿಂದ ಒಂಟೆತ್ತಿನ ಬಂಡಿಯಲ್ಲಿ ಕಚೇರಿಯ ಬೀದಿಗೆ ತಿರುಗಿದೆ. ಜನರೆಲ್ಲ ಚೊಂಬು ಹಿಡಿದುಕೊಂಡು ನನ್ನ ಅಂಗಡಿಯ ಕಡೆ ಓಡುತ್ತಿದ್ದರು.

ಅಂಗಡಿಗೆ ಬೆಂಕಿ ಬಿದ್ದಿದೆ ಎಂದುಕೊಂಡೆ. ಬಂಡಿಯಿಂದ ಹಾರಿ, ಅಂಗಡಿಯ ಕಡೆಯಿಂದ ಬರುತ್ತಿದ್ದ ಯಾರದೋ ಕೈಯ ತುಂಬಿದ ಚೊಂಬು ಕಿತ್ತುಕೊಂಡು, ಗುಂಪನ್ನು ಸೀಳಿಕೊಂಡು ಒಳಗೆ ನುಗ್ಗಿ, ಇದ್ದದ್ದನ್ನೆಲ್ಲ ಎರಚಿದೆ. ಎದುರಿಗೆ ನನ್ನ ಹೆಂಡತಿ ಕೂತಿದ್ದಳು. ಅರ್ಧ ಬಾಗಿಲಿನ ಹಿಂದೆ, ಸೆರಗು ಹೊದ್ದು, ಒಂದು ಕಡೆ ಉಪ್ಪಿನ ಬಟ್ಟಲು, ಒಂದು ಕಡೆ ಹೆಚ್ಚಿದ ನಿಂಬೆಹಣ್ಣು. ಮುಖದ ಮೇಲೆ ನಾನು ಎರಚಿದ ಸೋಡ ಇಳಿಯುತ್ತಿತ್ತು. ಅವಳ ಪಕ್ಕದಲ್ಲಿ ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು.

ನಡೆದದ್ದು ಇಷ್ಟು. ಬುತ್ತಿ ತರುವ ಕೆಲಸವಿಲ್ಲದಿದ್ದರೂ ಅವಳು ಬಂದು ಬೀಗ ತೆಗೆದಿದ್ದಳು. ಬೆಳುಗುಪ್ಪದ ಕಡೆಯ ಒಬ್ಬ ಅಜ್ಜಿ, ಹೊಲದ ಪಟ್ಟಾ ವಿಷಯಕ್ಕೆ ಬಂದವಳು, ತಂಗಳ ಮುದ್ದೆಯ ಮೇಲೆ ಹುರಿದ ಶೇಂಗಾ ತಿಂದು ಹೊಟ್ಟೆ ಉಬ್ಬರಿಸಿ ಬೇವಿನ ಮರದಡಿ ಒದ್ದಾಡುತ್ತಿದ್ದಳು. ಇವಳು ಅವಳನ್ನು ಕರೆದು, ಏನಾಗಿದೆ ಎಂದು ಕೇಳಿ, ಅವಳದೇ ಚೊಂಬಿಗೆ ಸೋಡ ಸುರಿದು, ಉಪ್ಪು ನಿಂಬೆಹಣ್ಣು ಹಾಕಿ ಕೊಟ್ಟಳು. ಅಜ್ಜಿ ಎತ್ತಿ ಹಿಡಿದು ಒಂದೇ ಗುಟುಕಿಗೆ ಕುಡಿದಳು. ಆಮೇಲೆ ತೇಗಿದಳು. ಆ ತೇಗಿಗೆ ತಹಶೀಲ್ದಾರರು ತಲೆ ಎತ್ತಿ ನೋಡಿದರೆಂದು ಕಚೇರಿಯ ಜವಾನ ಆಮೇಲೆ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ. ಹತ್ತು ವರ್ಷದ್ದು ಹೊರಗೆ ಬಿತ್ತು ತಾಯಿ ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಕಚೇರಿಗೆ ಬಂದವರಲ್ಲಿ ಹೊಟ್ಟೆ ನೆಟ್ಟಗಿದ್ದವರು ಯಾರೂ ಇರಲಿಲ್ಲ, ಎಲ್ಲರ ಕೈಯಲ್ಲೂ ಚೊಂಬಿತ್ತು.

ನಾನು ಬಾಟಲಿಗಳನ್ನು ನೋಡುತ್ತಾ ನಿಂತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ನೀವು ಬಾಟ್ಲಿ ನೋಡಿದ್ರಿ. ನಾ ಅವರ ಕೈ ನೋಡಿದೆ."

ಮಾರನೆಯ ದಿನದಿಂದ ಅವಳು ಅರ್ಧ ಬಾಗಿಲಿನ ಹಿಂದೆ, ನಾನು ಮಷೀನಿನ ಹಿಂದೆ. ಬಾಟಲಿ ಸಿಡಿದರೆ ಗಾಜು ಹೊಡೆಯದಿರಲೆಂದು ನನ್ನ ಮುಖಕ್ಕೆ ಗೋಣಿಚೀಲ ಕಟ್ಟಿದಳು, ಬಾಯಿಯ ಮೇಲೆ ಎರಡು ಸುತ್ತು ಜಾಸ್ತಿ ಸುತ್ತಿದಳು. ನನ್ನ ಮಾತು ನಿಂತದ್ದು ವ್ಯಾಪಾರಕ್ಕೆ ಬಹಳ ಒಳ್ಳೆಯದಾಯಿತು. ಅವಳು ಯಾರಿಗೂ ಕುಡಿಯಿರಿ ಎನ್ನುತ್ತಿರಲಿಲ್ಲ. ಏನಾಗೇತಿ ಎಂದು ಕೇಳಿ ಸುಮ್ಮನೆ ಕೂರುತ್ತಿದ್ದಳು. ಜನ ಹೊಟ್ಟೆಯಿಂದ ಶುರುಮಾಡಿ ಸೊಸೆಯವರೆಗೆ ಎಲ್ಲ ಹೇಳಿಕೊಂಡು, ಕೊನೆಗೆ ತಾವೇ ಚೊಂಬು ಮುಂದಕ್ಕೆ ಚಾಚುತ್ತಿದ್ದರು. ನಮ್ಮ ಕೈಯ ನೀರು ಮುಟ್ಟದ ಒಬ್ಬ ಮಡಿವಂತ ಗುಮಾಸ್ತರೂ ಜವಾನನ ಕೈಯಲ್ಲಿ ಬೆಳ್ಳಿ ಲೋಟ ಕಳಿಸತೊಡಗಿದರು. ಇದು ನೀರಲ್ಲ, ಔಷಧ ಎಂದು ಅವರೇ ವಾದಿಸಿ ಅವರೇ ತೀರ್ಪು ಕೊಟ್ಟುಕೊಂಡಿದ್ದರು.

ಉಗಾದಿಗೆ ಎರಡು ದಿನವಿರುವಾಗ ಮಾವ ಬಂದರು. ಕೈಯಲ್ಲಿ ಚೊಂಬಿತ್ತು. ನಲವತ್ತು ವರ್ಷ ಗಾದಿಯಿಂದ ಏಳದೆ ವ್ಯಾಪಾರ ಮಾಡಿದ ಹೊಟ್ಟೆ ಅದು. ಯಾರ ಕಡೆಯೂ ನೋಡದೆ ಎತ್ತಿ ಕುಡಿದರು, ಕಣ್ಣು ಮುಚ್ಚಿಕೊಂಡು ನಿಂತರು, ಆಮೇಲೆ ಬೀದಿಯ ನಾಯಿ ಎದ್ದು ಹೋಗುವಂತೆ ತೇಗಿದರು. ಮುಖ ಹಗುರಾಯಿತು. ಸೊಂಟದಿಂದ ಹಿಂದಿನ ಕೋಣೆಗಳ ಬೀಗದ ಕೈ ತೆಗೆದು ನನ್ನ ಕೈಗಿಟ್ಟು, ನಿಂತಿದ್ದ ಜನಕ್ಕೆಲ್ಲ ಕೇಳುವಂತೆ, ನಮ್ಮ ಅಳಿಯಂದಿರ ತಲೆ ಬಹಳ ಓಡುತ್ತದೆ ಎಂದರು.

ನಾನು ಗೋಣಿಚೀಲ ಬಿಚ್ಚಿ ಕೈಮುಗಿದು, ಎಲ್ಲ ನಿಮ್ಮ ಆಶೀರ್ವಾದ ಎಂದೆ. ನಿಜ ಹೇಳಲು ಬಾಯಿ ಬಿಚ್ಚಿಯೇ ಇತ್ತು, ಆದರೂ ಹೇಳಲಿಲ್ಲ. ಆರು ವರ್ಷಕ್ಕೆ ಮೊದಲ ಸಲ ಆ ಊರಿನಲ್ಲಿ ಯಾರೋ ನನ್ನನ್ನು ಹೊಗಳಿದ್ದರು, ಅದನ್ನು ಪಾಲು ಮಾಡಲು ಮನಸ್ಸಾಗಲಿಲ್ಲ. ಅರ್ಧ ಬಾಗಿಲಿನ ಹಿಂದೆ ಅವಳು ಎಲ್ಲ ಕೇಳಿಸಿಕೊಂಡಳು. ನಿಂಬೆಹಣ್ಣು ಹೆಚ್ಚುತ್ತಲೇ ಇದ್ದಳು.

ಹಬ್ಬದ ಮಾರನೆಯ ದಿನ ಹಿಂದಿನ ಕೋಣೆಗಳಿಗೆ ಬಂದೆವು. ಒಲೆಯನ್ನು ಅವಳೇ ಮೂರು ದಿನ ಮಣ್ಣು ಕಲಸಿ ಹಾಕಿ, ಸಗಣಿಯಲ್ಲಿ ಸಾರಿಸಿ ಒಣಗಿಸಿದ್ದಳು. ಮಧ್ಯಾಹ್ನ ಬೆಂಕಿ ಹೊತ್ತಿಸಿ ಜೋಳದ ರೊಟ್ಟಿ ಬಡಿಯಲು ಕೂತಳು. ನಾನು ಅಭ್ಯಾಸದಂತೆ ತಟ್ಟೆ ಹಿಡಿದು ಎದುರಿಗೆ ಕೂತೆ. ಮೊದಲ ರೊಟ್ಟಿ ಉಬ್ಬಿ ಬಂತು. ಅವಳು ಅದನ್ನು ನನ್ನ ತಟ್ಟೆಗೆ ಹಾಕಲಿಲ್ಲ. ತನ್ನ ಅಂಗೈಯ ಮೇಲೆ ಹಾಕಿಕೊಂಡು, ಒಂದು ಚೂರು ಬೆಣ್ಣೆ ಸವರಿ, ಒಲೆಯ ಮುಂದೆಯೇ ಕೂತು ಮುರಿದು ತಿಂದಳು. ಇಂಥದನ್ನು ನಾನು ಯಾವ ಮನೆಯಲ್ಲೂ ನೋಡಿರಲಿಲ್ಲ. ಏನಾದರೂ ಅನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ತಲೆ ಎತ್ತಿದಳು.

"ಬಿಸಿ ರೊಟ್ಟಿ ಹಿಂಗಿರ್ತೈತೇನ್ರಿ," ಎಂದಳು.

ಮಾವನ ಮನೆಯಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ಹೆಂಗಸರು ಉಂಡು, ಒಲೆ ಆರಿಸಿ ಬಳಿದಾದ ಮೇಲೆ ರೊಟ್ಟಿ ಬಡಿದವಳ ಪಾಳಿ. ದಿನಕ್ಕೆ ಮೂವತ್ತು ರೊಟ್ಟಿ ಅವಳ ಕೈಯಿಂದ ಏಳುತ್ತಿದ್ದವು. ಅವುಗಳಲ್ಲಿ ಬಿಸಿಬಿಸಿಯಾದದ್ದನ್ನು ಆರಿಸಿ ಆರು ವರ್ಷ ತಿಂದವನು ನಾನು. ಅವಳ ಎದುರಿಗೇ ಕೂತು ತಿಂದಿದ್ದೆ. ನನಗೆ ಅಷ್ಟು ನಾಚಿಕೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಎರಡನೆಯ ರೊಟ್ಟಿ ಹೆಂಚಿನ ಮೇಲೆ ಉಬ್ಬುತ್ತಿತ್ತು. ನಾನು ತಟ್ಟೆಯನ್ನು ಹಿಂದಕ್ಕೆ ಸರಿಸಿ, ಅದನ್ನೂ ನೀನೇ ತಿನ್ನು ಎಂದೆ. ಅವಳು ತಿಂದಳು.